ಅಂಗವೈಕಲ್ಯದಿಂದ ಸೇನೆ ಬಿಟ್ಟು ಬಂದವರ ಮನೆಯವರಿಗೆ ಏನೇನು ಬರಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ

ಮಲಪ್ರಭಾ ದಂಡೆ:

ಎಲ್ಲಾರಿಗೂ ನಮಸ್ಕಾರ. ನಮ್ಮ ಮನೆಯವರು ಸೇನೆಯೊಳಗ ಹವಾಲ್ದಾರ್ ಇದ್ರು. ಡ್ಯೂಟಿ ಮ್ಯಾಲೆ ಹೊಂಟಾಗ ಗಾಡಿ ಪಲ್ಟಿ ಆಗಿ ಬೆನ್ನುಹುರಿಗೆ ಪೆಟ್ಟು ಬಿತ್ತು. ಭಾಳ ದಿನ ಆಸ್ಪತ್ರ್ಯಾಗ ಇಟ್ಟುಕೊಂಡು, ಮೆಡಿಕಲ್ ಬೋರ್ಡ್ ಮಾಡಿ ಮನೀಗೆ ಕಳಿಸಿದ್ರು. ಸೊಂಟದ ಕೆಳಗ ಸ್ವಾಧೀನ ಇಲ್ಲ. ಬೋರ್ಡಿನೊಳಗ ನೂರಕ್ಕ ನೂರು ಅಂತ ಬರದಾರ. ಪಿಂಚಣಿ ತಿಂಗಳಾ ಸರಿಯಾಗಿ ಬರತೈತಿ, ಅದರ ಬಗ್ಗೆ ನನ್ನ ತಕರಾರಿಲ್ಲ.

ತಲಿ ಕೆಟ್ಟಿರೂದು ಬ್ಯಾರೆದಕ್ಕ. ಊರಾಗ ಒಬ್ಬೊಬ್ಬರು ಒಂದೊಂದು ಹೇಳ್ತಾರ. "ನೋಡಿಕೊಳ್ಳೋರಿಗೆ ಅಂತ ಬ್ಯಾರೆ ರೊಕ್ಕ ಬರತೈತಿ" ಅಂತ ಒಬ್ಬರು, "ಅವೆಲ್ಲ ಆಫೀಸರ್‌ಗೆ ಅಷ್ಟ" ಅಂತ ಇನ್ನೊಬ್ಬರು. ಮಗಳು ಪಿಯುಸಿ ಎರಡನೇ ವರ್ಷ, ಮಗ ಎಂಟನೇ ಈಯತ್ತೆ. ಅವರ ಓದಿಗೆ ಏನರ ಐತೇನು? ಅತ್ತಿಯವರು ನಮ್ಮ ಜೋಡೀನ ಇರತಾರ, ಅವರಿಗೆ ಔಷಧ ಸಿಗತೈತೇನು? ಕೇಳಾಕ ನಾಲಿಗಿ ಬರೂದಿಲ್ಲ, ಆದ್ರೂ ಕೇಳತೀನಿ: ನಾಳೆ ಅವರಿಗೆ ಏನಾದರೂ ಆದರ ಈಗ ಬರೂ ಪಿಂಚಣಿ ಹಂಗ ನನ್ನ ಹೆಸರಿಗೆ ಬರತೈತೇನು?

ಹಳೇ ಸುಬೇದಾರ್:

ತಂಗಿ, ನಾನು ಕ್ಲರ್ಕ್ ಟ್ರೇಡ್‌ನಲ್ಲಿದ್ದು ನಿವೃತ್ತನಾದವನು. ಇಂಥ ಫೈಲುಗಳ ನಡುವೆಯೇ ಸರ್ವಿಸ್ ಕಳೆದಿದ್ದೇನೆ. ಕೊನೇ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು, ಅದರಿಂದಲೇ ಶುರು ಮಾಡುತ್ತೇನೆ.

ಈಗ ಬರುತ್ತಿರುವ ಪಿಂಚಣಿ ಹಾಗೇ ನಿಮಗೆ ಬರುವುದಿಲ್ಲ. ಊರಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ತಲೆಯಿಂದ ತೆಗೆದುಬಿಡಿ. ಅವರ ಪಿಂಚಣಿಯಲ್ಲಿ ಎರಡು ಭಾಗ ಇರುತ್ತವೆ, ಒಂದು ಸರ್ವಿಸ್ ಎಲಿಮೆಂಟ್, ಇನ್ನೊಂದು ಡಿಸೆಬಿಲಿಟಿ ಎಲಿಮೆಂಟ್. ಎರಡನೆಯದು ನೂರಕ್ಕೆ ನೂರು ಅಂಗವೈಕಲ್ಯ ಇದ್ದವರಿಗೆ ಕೊನೆಯ ಸಂಬಳದ 30 ಪರ್ಸೆಂಟ್. ಅದು ಅವರ ಶರೀರಕ್ಕೆ ಕೊಟ್ಟ ಹಣ, ಅವರ ಜೊತೆಗೇ ನಿಲ್ಲುತ್ತದೆ. ಹೆಂಡತಿಗೆ ಬರುವ ಫ್ಯಾಮಿಲಿ ಪಿಂಚಣಿಯ ಲೆಕ್ಕ ಬೇರೆ, ಅದನ್ನು ಅವರ ಕೊನೆಯ ಸಂಬಳದ ಮೇಲೆ ಹಾಕುತ್ತಾರೆ.

ಕೈಲೆಕ್ಕಕ್ಕೆ ಸಂಬಳ 40,000 ಅಂದುಕೊಳ್ಳಿ. ಇನ್ವ್ಯಾಲಿಡ್ ಔಟ್ ಆದವರಿಗೆ, ಅಂದರೆ ಸೇವೆಗೆ ಅನರ್ಹರೆಂದು ಮೆಡಿಕಲ್ ಬೋರ್ಡ್ ಮಾಡಿ ಕಳಿಸಿದವರಿಗೆ, ಸರ್ವಿಸ್ ಎಲಿಮೆಂಟ್ ಅರ್ಧ, 20,000. ಡಿಸೆಬಿಲಿಟಿ ಎಲಿಮೆಂಟ್ 12,000. ಒಟ್ಟು 32,000, ಮೇಲೆ ತುಟ್ಟಿಭತ್ಯೆ. ಅವರ ನಂತರ ಸಾಮಾನ್ಯ ಫ್ಯಾಮಿಲಿ ಪಿಂಚಣಿ 30 ಪರ್ಸೆಂಟ್, ಅಂದರೆ 12,000. ಮೊದಲ ಏಳು ವರ್ಷ, ಅಥವಾ ಅವರಿಗೆ 67 ತುಂಬಬೇಕಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿವರೆಗೆ 50 ಪರ್ಸೆಂಟ್, ಅಂದರೆ 20,000.

ಆದರೆ ಸಾವಿಗೆ ಕಾರಣ ಸೇವೆಯಲ್ಲಿ ಆದ ಆ ಪೆಟ್ಟೇ ಎಂದು ಒಪ್ಪಿತವಾದರೆ ಸ್ಪೆಷಲ್ ಫ್ಯಾಮಿಲಿ ಪಿಂಚಣಿ, 60 ಪರ್ಸೆಂಟ್. 24,000. ಹನ್ನೆರಡಕ್ಕೂ ಇಪ್ಪತ್ತನಾಲ್ಕಕ್ಕೂ ಇರುವ ವ್ಯತ್ಯಾಸ ನಿಂತಿರುವುದು ಕಾಗದದ ಮೇಲೆ. ಬೆನ್ನುಹುರಿ ಪೆಟ್ಟು ಬಿದ್ದವರಲ್ಲಿ ಎಷ್ಟೋ ಸಲ ಕಿಡ್ನಿ ಸೋಂಕು, ಬೆಡ್‌ಸೋರ್‌ನಿಂದ ನಂಜೇರುವುದು, ಇಂಥವೇ ಪ್ರಾಣಕ್ಕೆ ಬರುವುದು. ಊರಿನ ಡಾಕ್ಟರು ಸರ್ಟಿಫಿಕೇಟಿನಲ್ಲಿ ಬರೀ 'ಹೃದಯಸ್ತಂಭನ' ಎಂದು ಬರೆದು ಸಹಿ ಹಾಕಿದರೆ ಹಳೇ ಪೆಟ್ಟಿಗೂ ಸಾವಿಗೂ ಇದ್ದ ಕೊಂಡಿ ಕಳಚಿಹೋಗುತ್ತದೆ. ಆ ಕೊಂಡಿಯನ್ನು ತೋರಿಸುವುದು ಆಸ್ಪತ್ರೆಯ ದಾಖಲೆಗಳು. ಆದ್ದರಿಂದ ಪ್ರತಿ ಡಿಸ್ಚಾರ್ಜ್ ಸಮ್ಮರಿಯನ್ನೂ ಎತ್ತಿಡಿ. ಕಹಿ ಮಾತು, ಆದರೆ ಅವರು ಚೆನ್ನಾಗಿರುವಾಗಲೇ ಹೇಳಬೇಕಾದದ್ದು.

ಈಗ ನೋಡಿಕೊಳ್ಳುವವರ ಹಣ. ಅದರ ಹೆಸರು ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋವೆನ್ಸ್. ಆಫೀಸರ್‌ಗೆ ಮಾತ್ರ ಎಂಬುದು ಶುದ್ಧ ಸುಳ್ಳು. ನೂರು ಪರ್ಸೆಂಟ್ ಇದ್ದು, ಸದಾ ಒಬ್ಬರ ಆಸರೆ ಬೇಕು ಎಂದು ಬೋರ್ಡ್ ಶಿಫಾರಸು ಮಾಡಿದ್ದರೆ ಯಾವ ರ‍್ಯಾಂಕಿನವರಿಗಾದರೂ ಒಂದೇ ದರ. 2017ರ ಜುಲೈನಿಂದ ತಿಂಗಳಿಗೆ 6,750 ಇತ್ತು. ತುಟ್ಟಿಭತ್ಯೆ 50 ಪರ್ಸೆಂಟ್ ಏರಿದಾಗಲೆಲ್ಲ ಇದು ಕಾಲು ಭಾಗ ಏರಬೇಕು. ನಿಮ್ಮ ಪಿಪಿಓದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಇದರ ನಮೂದು ಇದೆಯೋ ಇಲ್ಲವೋ ನೋಡಿ ಹೇಳಿ. ಜೊತೆಗೆ ಎಎಫ್‌ಎಂಎಸ್‌ಎಫ್-16 ಅಂತ ಮೆಡಿಕಲ್ ಬೋರ್ಡಿನ ಕಾಗದ ಇರುತ್ತದೆ, ಅದನ್ನೂ ಹುಡುಕಿ.

ಮಲಪ್ರಭಾ ದಂಡೆ:

ಸಾಹೇಬ್ರ, ಕೈ ಮುಗಿತೀನಿ. ಟ್ರಂಕಿನ್ಯಾಗ ಒಂದು ಹಸಿರು ಫೈಲ್ ಐತಿ, ಅವರು ಯಾರಿಗೂ ಮುಟ್ಟಾಕ ಕೊಡೂದಿಲ್ಲ. ಇವತ್ತ ಕೇಳಿ ತಗಸ್ತೀನಿ.

ಎರಡನೇ ಪಾಳಿ:

ಅಕ್ಕ, ನಮ್ಮನೆಯಲ್ಲೂ ಇದೇ ಪರಿಸ್ಥಿತಿ. ಹಣದ ವಿಷಯ ಸುಬೇದಾರ್ ಸರ್ ಹೇಳ್ತಾರೆ, ನಾನು ಮನೆ ಒಳಗಿನದು ಹೇಳ್ತೀನಿ.

ಇಸಿಎಚ್‌ಎಸ್ ಕಾರ್ಡ್ ಇದೆಯಲ್ವಾ? 2003ರ ಏಪ್ರಿಲ್‌ನಲ್ಲಿ ಶುರುವಾದ ಚಿಕಿತ್ಸಾ ಯೋಜನೆ, ಪಿಂಚಣಿ ಬರುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ. ನಿಮಗೆ, ಮಗಳಿಗೆ ಮದುವೆಯೋ ಕೆಲಸವೋ ಆಗುವವರೆಗೆ, ಮಗನಿಗೆ 25 ತುಂಬುವವರೆಗೆ ಸಿಗುತ್ತೆ. ನಿಮ್ಮ ಅತ್ತೆಯವರಿಗೂ ಸಿಗುತ್ತೆ, ಆದರೆ ಅವರ ಎಲ್ಲ ಆದಾಯ ಸೇರಿ ತಿಂಗಳಿಗೆ 9,000 ಮತ್ತು ಅದರ ಮೇಲಿನ ತುಟ್ಟಿಭತ್ಯೆ ದಾಟಬಾರದು, ನಿಮ್ಮ ಜೊತೆಗೇ ಇರಬೇಕು. ಹೊಲ ಅವರ ಹೆಸರಲ್ಲಿದ್ದರೆ ಆ ಆದಾಯವನ್ನೂ ಲೆಕ್ಕಕ್ಕೆ ಹಿಡೀತಾರೆ, ನೆನಪಿರಲಿ.

ಇದಕ್ಕಿಂತ ಮುಖ್ಯ ಒಂದು ಮಾತು. ರಾತ್ರಿ ಎರಡೆರಡು ಗಂಟೆಗೆ ಮಗ್ಗುಲು ಬದಲಿಸ್ತೀರಾ? ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಲದ ಮೂಳೆ ಹತ್ತಿರ ರೂಪಾಯಿ ನಾಣ್ಯದಷ್ಟು ಕೆಂಪಗೆ ಕಂಡಿತ್ತು, ಬೆರಳಿಂದ ಒತ್ತಿದರೂ ಬಿಳಿಚುತ್ತಿರಲಿಲ್ಲ. ಹಾಗೆ ಬಿಳಿಚಲಿಲ್ಲ ಅಂದರೆ ಚರ್ಮದ ಒಳಗೆ ಹಾನಿ ಶುರುವಾಗಿದೆ ಅಂತ ಆಮೇಲೆ ಗೊತ್ತಾಯ್ತು. ಗಾಳಿ ಹಾಸಿಗೆ, ಕುರ್ಚಿ ಮೇಲಿನ ಜೆಲ್ ದಿಂಬು, ಕ್ಯಾಥೆಟರ್ ಇವನ್ನೆಲ್ಲ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಲ್ಲಿ ಬರೆಸಿಕೊಳ್ಳೋಕೆ ಆಗುತ್ತಾ ಅಂತ ಮೊದಲು ಕೇಳಿ. ಕೈಯಿಂದ ದುಡ್ಡು ಕೊಟ್ಟು ತಂದಮೇಲೆ ಬಿಲ್ ಹಿಡಿದು ಅಲೆಯೋದು ಸಾಕಾಗಿಹೋಗುತ್ತೆ. ತುರ್ತಲ್ಲಿ ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು.

ಪುಣೆ ಹತ್ತಿರ ಖಡ್ಕಿಯಲ್ಲಿ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಷನ್ ಸೆಂಟರ್ ಇದೆ, ಇಂಥದೇ ಒಂದು ಮೊಹಾಲಿಯಲ್ಲಿ. ಬೆನ್ನುಹುರಿ ಪೆಟ್ಟಾದ ಸೈನಿಕರಿಗೆ ಅಂತಲೇ ಇರೋವು. ಕುರ್ಚಿಯಿಂದ ಮಂಚಕ್ಕೆ ತಾವೇ ದಾಟಿಕೊಳ್ಳೋದು ಅಲ್ಲಿ ಇದ್ದು ಬಂದವರಿಗೆ ಸಲೀಸು. ಕೈಕಾಲು ಕಳೆದುಕೊಂಡವರಿಗೆ ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್, 1944ರಿಂದ ಇದೆ.

ಮಳೆಗಾಲದ ಹುಡುಗಿ:

ಓದಿನ ವಿಷಯ ನಾನು ಹೇಳ್ತೀನಿ ಆಂಟಿ. ನಾನು ಕೊಡಗಿನವಳು, ಅಪ್ಪ ಸೇವೆಯಲ್ಲಿ ಗಾಯಗೊಂಡು ಬಂದವರು. ಇಂಜಿನಿಯರಿಂಗ್ ಮುಗಿಸಿದ್ದೇ ಇವುಗಳ ಆಸರೆಯಿಂದ.

ಮಗಳು ಎರಡನೇ ಪಿಯುಸಿ ಅಂದ್ರಲ್ಲ, ಈಗಲೇ ಎಚ್ಚರ ಆಗಿ. ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಅಂತ ಇದೆ, ಕೇಂದ್ರೀಯ ಸೈನಿಕ ಬೋರ್ಡಿನ ವೆಬ್‌ಸೈಟಲ್ಲಿ ಅರ್ಜಿ ಹಾಕೋದು. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500, ಕೋರ್ಸ್ ಮುಗಿಯುವವರೆಗೆ. ವೃತ್ತಿಪರ ಕೋರ್ಸ್ ಆಗಬೇಕು, ಹನ್ನೆರಡನೇ ತರಗತಿಯಲ್ಲಿ 60 ಪರ್ಸೆಂಟ್ ಇರಬೇಕು. ಮೊದಲನೇ ವರ್ಷದಲ್ಲೇ ಹಾಕಬೇಕು, ಎರಡನೇ ವರ್ಷಕ್ಕೆ ಹೋದಮೇಲೆ ನೆನಪಾದರೆ ಮುಗೀತು ಕಥೆ. ಆದ್ಯತೆಯ ಸಾಲಲ್ಲಿ ಯುದ್ಧದಲ್ಲಿ ಮಡಿದವರ ಮಕ್ಕಳು ಮೊದಲು, ಆಮೇಲೆ ಕಾರ್ಯಾಚರಣೆಯಲ್ಲಿ ಅಂಗವಿಕಲರಾದವರ ಮಕ್ಕಳು. ಅಂಕಲ್ ಥರ ಕರ್ತವ್ಯದಲ್ಲಿದ್ದಾಗ ಅಂಗವಿಕಲರಾಗಿ, ಅದು ಸೇವೆಯಿಂದಲೇ ಆದದ್ದು ಅಂತ ಒಪ್ಪಿತವಾದವರ ಮಕ್ಕಳದು ನಾಲ್ಕನೇ ವರ್ಗ. ಹಾಗೇ ಬಿಡೋವಂಥದ್ದಲ್ಲ, ಆರನೇ ವರ್ಗದ ಸಾಮಾನ್ಯ ಮಾಜಿ ಸೈನಿಕರ ಮಕ್ಕಳಿಗಿಂತ ಬಹಳ ಮುಂದೆ.

ವೈದ್ಯಕೀಯ ಓದೋ ಆಸೆ ಇದ್ದರೆ ನೀಟ್ ಬರೆದಮೇಲೆ ರಕ್ಷಣಾ ಸಚಿವಾಲಯದ ಪಾಲಿಗೆ ಬರೋ ಕೆಲವು ಎಂಬಿಬಿಎಸ್ ಸೀಟುಗಳಿಗೂ ಸೈನಿಕ ಬೋರ್ಡ್ ಮೂಲಕ ಅರ್ಜಿ ಹಾಕಬಹುದು, ಅಲ್ಲೂ ಇದೇ ಥರ ಆದ್ಯತೆ. ನಮ್ಮ ರಾಜ್ಯದ ಸಿಇಟಿಯಲ್ಲಿ ಮಾಜಿ ಸೈನಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಆನ್‌ಲೈನ್ ಅರ್ಜಿ ತುಂಬುವಾಗಲೇ ಆ ಕಾಲಂ ಟಿಕ್ ಮಾಡಿ. ಪ್ರಮಾಣಪತ್ರ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದ, ರಿಸಲ್ಟ್ ಬಂದಮೇಲೆ ಓಡೋಕೆ ಹೋಗಬೇಡಿ, ಆಗ ಅಲ್ಲಿ ಜಾತ್ರೆ.

ಮಗನಿಗೆ: ಹವಾಲ್ದಾರ್ ರ‍್ಯಾಂಕಿನವರೆಗಿನವರ ಮಕ್ಕಳಿಗೆ ಸೈನಿಕ ಬೋರ್ಡಿನ ಶಿಕ್ಷಣ ಅನುದಾನ ಇದೆ. ಒಂದನೇ ತರಗತಿಯಿಂದ ಡಿಗ್ರಿವರೆಗೆ, ಎರಡು ಮಕ್ಕಳಿಗೆ. ತಿಂಗಳಿಗೆ 1,000 ಇದ್ದದ್ದು 2025ರ ನವೆಂಬರ್ 1ರಿಂದ ಬಂದ ಅರ್ಜಿಗಳಿಗೆ 2,000 ಆಗಿದೆ. ಮಗಳ ಮದುವೆಗೆ ಕೊಡೋ ಅನುದಾನವೂ ಆಗಲೇ 50,000ದಿಂದ ಒಂದು ಲಕ್ಷಕ್ಕೆ ಏರಿತು. ಈ ಎರಡು ಅನುದಾನಗಳ ದುಡ್ಡು ಬರೋದು ಧ್ವಜ ದಿನಾಚರಣೆ ನಿಧಿಯಿಂದ, ಡಿಸೆಂಬರ್ 7ರಂದು ಸ್ಕೂಲಲ್ಲಿ ಅಂಗಿಗೆ ಚುಚ್ಚಿಕೊಳ್ತಿದ್ವಲ್ಲ, ಅದೇ ಪುಟ್ಟ ಬಾವುಟ.

ಹಳೇ ಸುಬೇದಾರ್:

ಹುಡುಗಿ ಚೆನ್ನಾಗಿ ಹೇಳಿದಳು. ಒಂದು ಸೇರಿಸುತ್ತೇನೆ. ಶಾಲೆ ಫೀಸು, ಹಾಸ್ಟೆಲ್, ಪುಸ್ತಕ, ಯೂನಿಫಾರ್ಮ್ ಇವಕ್ಕೆ ಹಣ ಕೊಡುವ ಇನ್ನೊಂದು ಯೋಜನೆ ಇದೆ, 1971ರ ಯುದ್ಧದ ನಂತರ ಬಂದದ್ದು. 2017ರಲ್ಲಿ ಅದಕ್ಕೆ ತಿಂಗಳಿಗೆ 10,000 ಮಿತಿ ಹಾಕಿದ್ದರು, ಗಲಾಟೆಯಾಗಿ 2018ರ ಮಾರ್ಚ್‌ನಲ್ಲಿ ಮಿತಿ ತೆಗೆದರು. ಆದರೆ ಅದು ಕಾರ್ಯಾಚರಣೆಯಲ್ಲಿ ಮಡಿದವರ, ಕಾಣೆಯಾದವರ, ಶಾಶ್ವತ ಅಂಗವಿಕಲರಾದವರ ಮಕ್ಕಳಿಗೆ. ಡ್ಯೂಟಿಯ ಮೇಲಿನ ಅಪಘಾತ ಅದರಲ್ಲಿ ಬರುವುದಿಲ್ಲ.

ಇದೇ ಕಾರಣಕ್ಕೆ ಕೇಳುತ್ತೇನೆ ತಂಗಿ, ಅಪಘಾತ ಎಲ್ಲಿ ಆಯಿತು? ಸಿಯಾಚಿನ್ ಕಡೆಯೋ, ಕಾಶ್ಮೀರವೋ, ಅಥವಾ ಕಾರ್ಯಾಚರಣೆ ಇಲ್ಲದ ಪೀಸ್ ಸ್ಟೇಷನ್ನೋ? ಸರ್ಕಾರ ಸಾವು ನೋವುಗಳನ್ನು ಎ ಇಂದ ಇ ವರೆಗೆ ಐದು ವರ್ಗ ಮಾಡಿದೆ. ಸಾಧಾರಣ ಡ್ಯೂಟಿ ಅಪಘಾತ ಸಿ. ಶತ್ರು ದಾಳಿ, ಉಗ್ರರ ದಾಳಿ, ಸರ್ಕಾರ ಅಧಿಸೂಚಿಸಿದ ಕಾರ್ಯಾಚರಣೆ, ಇವು ಡಿ ಮತ್ತು ಇ. ಇ ವರ್ಗದಲ್ಲಿ ಬಂದರೆ ಅವರಿಗೆ ವಾರ್ ಇಂಜುರಿ ಪಿಂಚಣಿ. ಇನ್ವ್ಯಾಲಿಡ್ ಔಟ್ ಆದ, ನೂರು ಪರ್ಸೆಂಟ್ ಇರುವವರಿಗೆ ಅದರ ಗಾಯದ ಭಾಗವೇ ಕೊನೆಯ ಸಂಬಳದಷ್ಟು. ಡಿ, ಇ ವರ್ಗದಲ್ಲಿ ಪ್ರಾಣ ಹೋದರೆ ಮನೆಯವರಿಗೆ ಲಿಬರಲೈಸ್ಡ್ ಫ್ಯಾಮಿಲಿ ಪಿಂಚಣಿ, ಅದೂ ಕೊನೆಯ ಸಂಬಳದಷ್ಟೇ. ಇಂಜುರಿ ರಿಪೋರ್ಟ್ ಮತ್ತು ಸೇನೆಯ ಒಳ ತನಿಖೆಯಾದ ಕೋರ್ಟ್ ಆಫ್ ಎನ್‌ಕ್ವೈರಿಯ ಪ್ರತಿಯಲ್ಲಿ ಯಾವ ಕಾರ್ಯಾಚರಣೆಯ ಹೆಸರಿದೆ ನೋಡಿ.

ಘಟ್ಟದ ಕೆಳಗಿನವ:

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ತಂದೆ ಪೂರ್ತಿ ಸರ್ವಿಸ್ ಮುಗಿಸಿ ಬಂದವರು. ಬರುವಾಗ ಬಿಪಿ ಮತ್ತು ಕಿವಿ ಮಂದ. ಬೋರ್ಡ್ 30 ಪರ್ಸೆಂಟ್ ಕೊಟ್ಟಿತ್ತು, ಪಕ್ಕದಲ್ಲೇ 'ನಾನಾ' ಎಂದು ಬರೆದು ಡಿಸೆಬಿಲಿಟಿ ಎಲಿಮೆಂಟ್ ಕೊಡಲಿಲ್ಲ. ಅಪ್ಪ ಅಪೀಲು ಗಿಪೀಲು ಅಂತ ಹೋಗಲೇ ಇಲ್ಲ, ಸರ್ಕಾರದ ಮೇಲೆ ಕೇಸು ಹಾಕುವುದೇ ಅವರಿಗೆ ಅಸಹ್ಯ. ಈಗ ತೀರಿಕೊಂಡಿದ್ದಾರೆ. ಅಮ್ಮನಿಗೆ ಸಾಮಾನ್ಯ ಫ್ಯಾಮಿಲಿ ಪಿಂಚಣಿ ಬರುತ್ತಿದೆ. ಇನ್ನೇನಾದರೂ ಮಾಡಬಹುದೇ?

ಕರಿ ಕೋಟು:

ನಾನು ಸೈನಿಕರ ಪ್ರಕರಣಗಳನ್ನು ನಡೆಸುವ ವಕೀಲೆ. ಹೊಸಬರಿಗಾಗಿ: 'ನಾನಾ' ಅಂದರೆ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂಬ ಷರಾ. ಹಾಗೆ ಬರೆದರೆ ಡಿಸೆಬಿಲಿಟಿ ಎಲಿಮೆಂಟ್ ಸಿಗುವುದಿಲ್ಲ.

ಈ ಷರಾವನ್ನು ಪ್ರಶ್ನಿಸಲು ದಾರಿ ಮಾಡಿಕೊಟ್ಟದ್ದು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ಆತನಿಗೆ ಫಿಟ್ಸ್ ಇತ್ತು. ಸೇರುವಾಗಿನ ವೈದ್ಯಕೀಯ ದಾಖಲೆಯಲ್ಲಿ ಕಾಯಿಲೆಯ ನಮೂದು ಇಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು, ಅಲ್ಲ ಎನ್ನುವುದಾದರೆ ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಬೋರ್ಡ್ ಕಾರಣ ಬರೆಯಬೇಕು ಎಂದಿತು ಕೋರ್ಟ್. ಮರುವರ್ಷ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣ ಬಂತು. 20ರಿಂದ 49ರವರೆಗಿನದನ್ನು 50 ಎಂದು, 50ರಿಂದ 75ರವರೆಗಿನದನ್ನು 75 ಎಂದು, ಅದಕ್ಕೂ ಮೇಲಿನದನ್ನು 100 ಎಂದು ಹಿಡಿಯುವ ಬ್ರಾಡ್ ಬ್ಯಾಂಡಿಂಗ್, ಮೊದಲು ಇನ್ವ್ಯಾಲಿಡ್ ಔಟ್ ಆದವರಿಗೆ ಮಾತ್ರ ಇತ್ತು. ಅದು ಪೂರ್ಣ ಸೇವೆ ಮುಗಿಸಿದವರಿಗೂ ಅನ್ವಯ ಎಂದಾಯಿತು.

ನಿಮ್ಮ ತಾಯಿಯ ವಿಷಯಕ್ಕೆ ಬರುತ್ತೇನೆ. ವಾರಸುದಾರರಾಗಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಗೆದ್ದರೆ ಸಿಗುವುದು ತಂದೆ ಬದುಕಿದ್ದ ಅವಧಿಯ ಬಾಕಿ ಮಾತ್ರ, ಸುಬೇದಾರ್ ಹೇಳಿದಂತೆ ಆ ಹಣ ಫ್ಯಾಮಿಲಿ ಪಿಂಚಣಿಗೆ ಸೇರುವುದಿಲ್ಲ. ಅದರಲ್ಲೂ 2008ರ ತರ್ಸೇಮ್ ಸಿಂಗ್ ತೀರ್ಪಿನ ನಂತರ ತಡವಾಗಿ ಬಂದವರಿಗೆ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಬಾಕಿಯನ್ನು ಸೀಮಿತಗೊಳಿಸುವುದು ರೂಢಿ. ತಂದೆ ತೀರಿಕೊಂಡು ಮೂರು ವರ್ಷ ದಾಟಿದ್ದರೆ ಕೈಗೆ ಏನೂ ಉಳಿಯದಿರಬಹುದು. ಎಷ್ಟು ಸಮಯವಾಯಿತು?

ಘಟ್ಟದ ಕೆಳಗಿನವ:

ಬರುವ ದೀಪಾವಳಿಗೆ ಒಂದು ವರ್ಷ.

ಕರಿ ಕೋಟು:

ಹಾಗಾದರೆ ಇನ್ನೂ ತಡ ಮಾಡಬೇಡಿ. ಪ್ರತಿ ತಿಂಗಳೂ ಒಂದು ತಿಂಗಳ ಬಾಕಿ ಕಳೆದುಹೋಗುತ್ತಿದೆ. ಮೊದಲು ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆದು ಬೋರ್ಡಿನ ಪ್ರತಿ ತರಿಸಿ, ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅಮ್ಮನ ಹೆಸರಲ್ಲಿ ಕೇಳಿ. ಒಂದು ಎಚ್ಚರಿಕೆ: 2023ರ ಸೆಪ್ಟೆಂಬರ್ 21ರಿಂದ ಅಂಗವೈಕಲ್ಯ ಪಿಂಚಣಿಯ ಅರ್ಹತೆ ಹೇಳುವ ಹೊಸ ಎಂಟೈಟಲ್‌ಮೆಂಟ್ ನಿಯಮಗಳು ಬಂದಿವೆ. ಆ ಮೇಲೆ ಸೇವೆ ಮುಗಿಸಿ ನಿವೃತ್ತರಾದವರಿಗೆ ಇಂಪೇರ್‌ಮೆಂಟ್ ರಿಲೀಫ್ ಎಂಬ ಬೇರೆಯೇ ವ್ಯವಸ್ಥೆ. ಹಳೆಯ ತೀರ್ಪುಗಳನ್ನು ಎಲ್ಲರಿಗೂ ಕಣ್ಣುಮುಚ್ಚಿ ಅನ್ವಯಿಸಿ ವಾಟ್ಸಾಪಿನಲ್ಲಿ ಹಂಚುವವರನ್ನು ನಂಬಬೇಡಿ.

ನೇರ ಮಾತು:

ಎಲ್ಲ ಸರಿ. ಆದರೆ ಶುಗರ್, ಬಿಪಿ ಅಂತ ಹೇಳಿ ಡಿಸೆಬಿಲಿಟಿ ತಗೊಂಡು ಬೆಳಿಗ್ಗೆ ಐದು ಕಿಲೋಮೀಟರ್ ವಾಕಿಂಗ್ ಮಾಡೋರನ್ನ ನಾನೇ ನೋಡಿದ್ದೀನಿ. ಗಾಲಿ ಕುರ್ಚಿ ಮೇಲಿರೋರಿಗೂ ಇವರಿಗೂ ಒಂದೇ ಹೆಸರು. ತೆರಿಗೆ ಕಟ್ಟೋರು ನಾವು.

ಎರಡನೇ ಪಾಳಿ:

ನೀವು ಹೇಳೋ ಅಂಥವರು ಇರಬಹುದು. ಆದರೆ ಅದರ ಏಟು ಬೀಳೋದು ಯಾರಿಗೆ ಗೊತ್ತಾ? ನನ್ನ ಗಂಡ ಕೂತ ಕುರ್ಚಿ ನೋಡಿಯೂ ಕೌಂಟರ್‌ನಲ್ಲಿ ಒಬ್ಬರು "ನಿಜವಾಗಿಯೂ ನಡೆಯೋಕಾಗಲ್ವಾ?" ಅಂತ ಕೇಳಿದ್ದರು.

ಹಳೇ ಸುಬೇದಾರ್:

ನೇರ ಮಾತಿನವರೇ, ಹದಿನೈದು ಸಾವಿರ ಅಡಿ ಎತ್ತರದಲ್ಲಿ ಎರಡೆರಡು ವರ್ಷ ಇದ್ದು ಬಿಪಿ ಹತ್ತಿಸಿಕೊಂಡವನ ವಾಕಿಂಗ್ ನೋಡಿ ತೀರ್ಪು ಕೊಡಬೇಡಿ, ವಾಕಿಂಗ್ ಮಾಡು ಎಂದು ಡಾಕ್ಟರೇ ಹೇಳಿರುತ್ತಾರೆ. ತೆರಿಗೆ ಮಾತು ಬಂದದ್ದಕ್ಕೆ ಹೇಳುತ್ತೇನೆ: ಡಿಸೆಬಿಲಿಟಿ ಪಿಂಚಣಿಯ ತೆರಿಗೆ ವಿನಾಯಿತಿ ಇನ್ವ್ಯಾಲಿಡ್ ಔಟ್ ಆದವರಿಗೆ ಮಾತ್ರ ಎಂದು 2019ರ ಜೂನ್‌ನಲ್ಲೇ ಸುತ್ತೋಲೆ ಬಂದಿದೆ.

ನಿರ್ವಾಹಕ:

ಯಾರದು ನಿಜ ಯಾರದು ಸುಳ್ಳು ಎಂಬ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಕುಟುಂಬಗಳ ಪ್ರಶ್ನೆ ಮಾತ್ರ. ಪಿಪಿಓ ನಂಬರ್, ಆಧಾರ್, ಸರ್ವಿಸ್ ನಂಬರ್ ಇರುವ ಫೋಟೋ ಯಾರೂ ಹಾಕಬೇಡಿ. ನಿನ್ನೆ ಒಂದನ್ನು ಅಳಿಸಿದ್ದೇನೆ.

ದಾವಣಗೆರೆ ತಂಗಿ:

ನಮ್ಮ ಅಣ್ಣ ಸಿಆರ್‌ಪಿಎಫ್‌ನಲ್ಲಿ ಗಾಯಗೊಂಡು ಬಂದಿದ್ದಾನೆ. ಅತ್ತಿಗೆಗೆ ಇದೇ ಅನ್ವಯಿಸುತ್ತಾ?

ಹಳೇ ಸುಬೇದಾರ್:

ಇಲ್ಲಮ್ಮ. ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಸಚಿವಾಲಯದ ಅಡಿ. ಇಸಿಎಚ್‌ಎಸ್ ಇಲ್ಲ, ಸೈನಿಕ ಬೋರ್ಡ್ ಅನುದಾನವೂ ಇಲ್ಲ. ಅವರಿಗೆ ಎಕ್ಸ್‌ಟ್ರಾಆರ್ಡಿನರಿ ಪಿಂಚಣಿ ನಿಯಮಗಳು, ಮತ್ತು ಕಲ್ಯಾಣಕ್ಕೆ ವಾರ್ಬ್ ಎಂಬ ಮಂಡಳಿ. ಹತ್ತಿರದ ಗ್ರೂಪ್ ಸೆಂಟರ್‌ನಲ್ಲಿ ಕೇಳಿ. ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಅವರಿಗೂ ಇದೆ, ಅರ್ಜಿ ಮಾತ್ರ ಬೇರೆ ಕಡೆ.

ಅಗ್ನಿವೀರನ ಅಪ್ಪ:

ನನ್ನ ಮಗ ಅಗ್ನಿವೀರ. ಅವನಿಗೆ ಹೀಗೇನಾದರೂ ಆದರೆ?

ಹಳೇ ಸುಬೇದಾರ್:

ದೇವರು ಹಾಗೆ ಮಾಡದಿರಲಿ. ಸೇವೆಯಿಂದಾದ ಅಂಗವೈಕಲ್ಯಕ್ಕೆ ಒಂದೇ ಸಲ ಕೊಡುವ ಮೊತ್ತ ಇದೆ. ನೂರು ಪರ್ಸೆಂಟಿಗೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ಜೊತೆಗೆ ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ಸಂಬಳ, ಸೇವಾ ನಿಧಿ. ತಿಂಗಳ ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಇಪ್ಪತ್ತೆರಡು ವರ್ಷದ ಹುಡುಗ ಗಾಲಿ ಕುರ್ಚಿಯಲ್ಲಿ ಮುಂದೆ ನಲವತ್ತು ವರ್ಷ ಕಳೆಯಬೇಕಾದರೆ ಒಂದೇ ಗಂಟು ಸಾಲುತ್ತದೆಯೇ ಎಂಬುದರಲ್ಲಿ ನನಗೆ ತಕರಾರಿದೆ, ಇರಲಿ.

ಮಲಪ್ರಭಾ ದಂಡೆ:

ಫೈಲ್ ಸಿಕ್ಕಿತು. ಇಬ್ಬರೂ ಕುಂತು ಒಂದೊಂದ ಹಾಳಿ ತಗದ ನೋಡಿದ್ವಿ. ಬೋರ್ಡಿನ ಕಾಗದದ ಕಡೀ ಹಾಳಿಯೊಳಗ "ಅಟೆಂಡಂಟ್ ಬೇಕು" ಅನ್ನೂ ಕಡೆ ಪೆನ್ನಿಲೆ ಹೌದು ಅಂತ ಬರದಾರ. ಪಿಪಿಓದಾಗ ಅದರ ಸುದ್ದೀನ ಇಲ್ಲ. ಬರೇ ಎರಡು ಎಲಿಮೆಂಟ್ ಅದಾವ.

ಅಪಘಾತ ಆಗಿದ್ದು ಪೀಸ್ ಸ್ಟೇಷನ್ನಿನಾಗ, ಹಂಗಾಗಿ ಸಿ ವರ್ಗ ಅಂತ ಅವರ ಹೇಳಿದ್ರು. ಇನ್ನೊಂದು ಗೊಂದಲ ಐತಿ. ಮಗಳ ಹೆಸರು ಸೇನೆ ಕಾಗದದಾಗ ಒಂದು ಥರ, ಮಾರ್ಕ್ಸ್ ಕಾರ್ಡಿನ್ಯಾಗ ಇನ್ನೊಂದು ಥರ. ಮಗ ಹುಟ್ಟಿದಾಗ ಇವರು ರಜಾ ಮುಗಿಸಿ ಹೋಗಿ ಸ್ವಲ್ಪ ದಿನಕ್ಕ ಪೆಟ್ಟಾತು, ಅವನ ಹೆಸರು ಎಲ್ಲೂ ಕಾಣವಲ್ದು.

ಹಳೇ ಸುಬೇದಾರ್:

ಇದೇ ನಾನು ಹೆದರಿದ್ದದ್ದು. ಈಗ ಒಂದೊಂದಾಗಿ ನೋಡೋಣ.

ಅಟೆಂಡೆನ್ಸ್ ಹಣಕ್ಕೆ ನಿಮ್ಮ ಕೇಸು ಗಟ್ಟಿ, ಶಿಫಾರಸು ಬೋರ್ಡಿನಲ್ಲೇ ಇದೆ. ಪಿಪಿಓಗೆ ಏರಿಸುವುದು ತಪ್ಪಿದೆ. ಯಜಮಾನರ ಸಹಿಯಲ್ಲಿ ಅವರ ರೆಕಾರ್ಡ್ ಆಫೀಸಿಗೆ ಅರ್ಜಿ ಬರೆಯಿರಿ, ಆ ಹಾಳೆಯ ದೃಢೀಕೃತ ಪ್ರತಿ ಲಗತ್ತಿಸಿ, ತಿದ್ದುಪಡಿ ಪಿಪಿಓ ಕೇಳಿ. ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ಬಿಡುಗಡೆಯಾದ ದಿನದಿಂದ ಬಾಕಿ ಕೊಡಿ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಮುಂದಿನ ತಿಂಗಳಿಂದ ಮಾತ್ರ ಕೊಟ್ಟು ಕೈತೊಳೆದುಕೊಂಡ ಉದಾಹರಣೆಗಳಿವೆ.

ರೆಕಾರ್ಡ್ ಆಫೀಸು ಎಂದರೆ ಯಾವುದು ಎಂದು ಬೇರೆಯವರಿಗೂ ಗೊಂದಲ ಇರುತ್ತದೆ. ಮದ್ರಾಸ್ ಎಂಜಿನಿಯರ್ಸ್‌ನವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಆರ್ಟಿಲರಿಗೆ ನಾಸಿಕ್ ರೋಡ್, ಇಎಂಇಗೆ ಸಿಕಂದರಾಬಾದ್, ಸಿಗ್ನಲ್ಸ್‌ಗೆ ಜಬಲ್‌ಪುರ. ನೌಕಾಪಡೆಯ ನಾವಿಕರದ್ದು ಮುಂಬೈ, ವಾಯುಪಡೆಯವರದ್ದು ದೆಹಲಿ.

ಮಕ್ಕಳ ಹೆಸರು. ಸೇನೆಯಲ್ಲಿ ಮದುವೆ, ಹೆರಿಗೆ ಎಲ್ಲವೂ ಸೇವಾ ದಾಖಲೆಗೆ ಸೇರಿಸುವ ಪಾರ್ಟ್ ಟೂ ಆರ್ಡರ್‌ನಲ್ಲಿ ಪ್ರಕಟವಾಗಬೇಕು. ಅಲ್ಲಿ ಇಲ್ಲದ ಮಗು ಸೇನೆಯ ಲೆಕ್ಕದಲ್ಲಿ ಹುಟ್ಟೇ ಇಲ್ಲ! ಸ್ಕಾಲರ್‌ಶಿಪ್ಪು, ಇಸಿಎಚ್‌ಎಸ್ ಕಾರ್ಡು, ನಿಮ್ಮಿಬ್ಬರ ನಂತರ 25ರವರೆಗಿನ ಫ್ಯಾಮಿಲಿ ಪಿಂಚಣಿ, ಎಲ್ಲಕ್ಕೂ ಅದನ್ನೇ ನೋಡುವುದು. ಮಗನ ಜನನ ಪ್ರಮಾಣಪತ್ರ, ಅಫಿಡವಿಟ್ ಹಿಡಿದು ಜಿಲ್ಲಾ ಸೈನಿಕ ಕಚೇರಿಯ ಮೂಲಕ ಕಳಿಸಿ. ಮಗಳ ಹೆಸರಿನ ತಿದ್ದುಪಡಿಗೆ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡೇ ಆಧಾರ. ಇದು ಸಿಇಟಿ ದಾಖಲೆ ಪರಿಶೀಲನೆಗೆ ಮೊದಲು ಆಗಬೇಕು, ಆದ್ದರಿಂದ ಇದನ್ನೇ ಮೊದಲು ಹಿಡಿಯಿರಿ. ಹಾಗೆಯೇ ನಿಮ್ಮ ಹೆಸರು, ಜನ್ಮದಿನಾಂಕ ಪಿಪಿಓದಲ್ಲೂ ಆಧಾರ್‌ನಲ್ಲೂ ಒಂದೇ ಇವೆಯೇ ನೋಡಿ. ಗಂಡ ಹೋದ ಮೇಲೆ ಇದಕ್ಕಾಗಿ ತಿಂಗಳುಗಟ್ಟಲೆ ಪಿಂಚಣಿ ನಿಂತ ಹೆಣ್ಣುಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ಮಳೆಗಾಲದ ಹುಡುಗಿ:

ಜೊತೆಗೆ ಯುಡಿಐಡಿ, ಅಂದ್ರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿದ್ದೀರಾ ಆಂಟಿ? ಸೇನೆಯ ಬೋರ್ಡ್ ಪೇಪರ್ ಬೇರೆ, ಇದು ಬೇರೆ. ಆನ್‌ಲೈನ್ ಅರ್ಜಿ ಹಾಕಿ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಸಾಮಾನ್ಯ ನಾಗರಿಕರಿಗೆ ಸಿಗೋ ಅಂಗವಿಕಲರ ಸೌಲಭ್ಯಗಳಿಗೆ ಅದನ್ನೇ ಕೇಳ್ತಾರೆ. ರೈಲಲ್ಲಿ ಒಬ್ಬರೇ ಹೋಗೋಕಾಗದವರಿಗೆ ಜೊತೆಗೆ ಹೋಗೋರಿಗೂ ರಿಯಾಯಿತಿ ಇದೆ.

ಕರಿ ಕೋಟು:

ಒಂದು ಮಾತು ಬಿಟ್ಟುಹೋಗಿತ್ತು. ಯಾವ ಕಚೇರಿಯಲ್ಲೇ ಆಗಲಿ ಮೂಲ ಬೋರ್ಡ್ ಕಾಗದ ಕೇಳಿದರೆ ತೋರಿಸಿ, ಕೈಬಿಡಬೇಡಿ. ದೃಢೀಕೃತ ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಮಲಪ್ರಭಾ ದಂಡೆ:

ಆತು ಮೇಡಂ. ಸೋಮವಾರ ತಮ್ಮನ್ನ ಕರಕೊಂಡು ಸೈನಿಕ ಆಫೀಸಿಗೆ ಹೋಗತೀನಿ. ಕಡೀ ಪ್ರಶ್ನೆ ಒಂದು ಐತಿ. ನವೆಂಬರಿನಾಗ ಜೀವಂತ ಪ್ರಮಾಣಪತ್ರಕ್ಕ ಇವರನ್ನ ಎತ್ತಿ ಗಾಡ್ಯಾಗ ಕೂಡಿಸಿಕೊಂಡು ಪ್ಯಾಟಿಗೆ ಒಯ್ಯಬೇಕಾಗತೈತಿ. ನಾಕು ಮಂದಿ ಬೇಕು. ಬ್ಯಾರೆ ದಾರಿ ಇಲ್ಲೇನು?

ಎರಡನೇ ಪಾಳಿ:

ಅಯ್ಯೋ ಅಕ್ಕ, ಒಯ್ಯಲೇಬೇಡಿ. ಮೊಬೈಲಲ್ಲಿ ಜೀವನ್ ಪ್ರಮಾಣ್ ಆ್ಯಪ್ ಇದೆ, ಮುಖ ತೋರಿಸಿದರೆ ಸಾಕು. ಮಗಳಿಗೆ ಹೇಳಿ, ಮಾಡ್ತಾಳೆ. ಕಿಟಕಿ ಕಡೆ ಮುಖ ಮಾಡಿಸಿ, ಬೆಳಕು ಚೆನ್ನಾಗಿರಬೇಕು, ಕಣ್ಣು ಮಿಟುಕಿಸು ಅಂತ ಕೇಳುತ್ತೆ. ಅದು ಆಗಲಿಲ್ಲ ಅಂದರೆ ಅಂಚೆ ಕಚೇರಿಯಲ್ಲಿ ಹೇಳಿಬನ್ನಿ, ಪೋಸ್ಟ್‌ಮ್ಯಾನ್ ಯಂತ್ರ ತಗೊಂಡು ಮನೆಗೇ ಬರ್ತಾರೆ, ಸ್ವಲ್ಪ ಶುಲ್ಕ ಇರುತ್ತೆ. ಮಾಡುವಾಗ ಪಿಂಚಣಿ ಕೊಡುವ ಕಚೇರಿ ಅನ್ನೋ ಕಡೆ ಹಳೇ ಬ್ಯಾಂಕ್ ಅಲ್ಲ, ಸ್ಪರ್ಶ್ ಅಂತ ಆರಿಸಿ.